ಮಾತಿಲ್ಲದ ಸಿನಿಮಾ, ಗಿರ್ಮಿಟ್ಟು ಮತ್ತು ಅವ್ವ

ಸಂಜೆ ದೇವರಿಗೆ ದೀಪ ಹಚ್ಚದೆ ಟಿವಿ ಹಾಕದ ಮನೆ ನಮ್ಮದು, ಧಾರವಾಡದಲ್ಲಿ. ಸಂಪ್ರದಾಯಸ್ಥ ಅಂತ ಗೆಳೆಯರು ನಗುತ್ತಾರೆ, ನಗಲಿ. ಈಗಿನ ಸಿನಿಮಾ ಅವ್ವನ ಮುಂದೆ ಹಾಕಲು ಮುಜುಗರ, ಮೇಲೆ ಗದ್ದಲ ಜಾಸ್ತಿ. ಮೊನ್ನೆ ಚಾಪ್ಲಿನ್‌ನ ‘ಸಿಟಿ ಲೈಟ್ಸ್’ ಹಾಕಿದೆ. 1931ರದ್ದು. ಅಷ್ಟೊತ್ತಿಗೆ ಟಾಕಿ, ಅಂದರೆ ಮಾತಿನ ಸಿನಿಮಾ, ಬಂದಾಗಿತ್ತು, ಆದರೂ ಆತ ಹಠ ಹಿಡಿದು ಮಾತಿಲ್ಲದೆಯೇ ತೆಗೆದ, ಸಂಗೀತ, ಒಂದಷ್ಟು ಸದ್ದು ಮಾತ್ರ ಸೇರಿಸಿದ. (ನಮ್ಮ ಕಡೆ ಹಠಮಾರಿಗಳಿಗೆ ಇಷ್ಟವಾಗುವ ಮನುಷ್ಯ.) ಅವ್ವನಿಗೆ ಕಿವಿ ಸ್ವಲ್ಪ ಮಂದ, ಇಂಗ್ಲಿಷ್ ಬರುವುದಿಲ್ಲ. ಅದು ಬೇಕಾಗಲೂ ಇಲ್ಲ. ಹೂ ಮಾರುವ ಕುರುಡ ಹುಡುಗಿಯ ಕಣ್ಣಿನ ಚಿಕಿತ್ಸೆಗೆ ದುಡ್ಡು ಕೊಟ್ಟವನು ಚಾಪ್ಲಿನ್ ಮಾಡಿದ ಬಡ ಅಲೆಮಾರಿ. ಕೊನೆಗೆ ಕಣ್ಣು ಬಂದ ಆ ಹುಡುಗಿ, ಯಾರೋ ಭಿಕಾರಿ ಅಂದುಕೊಂಡು ಅವನ ಕೈಗೆ ನಾಣ್ಯ ಇಡುತ್ತಾಳೆ, ಆ ಕೈ ಮುಟ್ಟಿದ ಮೇಲೇ ಗುರುತು ಸಿಗುತ್ತದೆ. ಅವ್ವನ ಗಿರ್ಮಿಟ್ಟಿನ ತುತ್ತು ಬಾಯಿಗೆ ಹೋಗದೆ ಅಲ್ಲೇ ನಿಂತಿತ್ತು.

‘ಪಾಪ, ಈಗ ಗೊತ್ತಾತು ನೋಡು ಆಕೀಗೆ’ ಅಂದಳು.