ತೂಗುಹಾಕಿದ ರೊಟ್ಟಿ ಇದೆಯೇ?

ಈ ಬುಧವಾರ ಸಂಜೆ ಕಲಬುರಗಿಯ ಜಗತ್ ವೃತ್ತದ ಸಮೀಪದ ರೊಟ್ಟಿ ಅಂಗಡಿಯೊಂದರಲ್ಲಿ ನಾನಾಡಿದ ಒಂದು ಮಾತು ಇನ್ನೂ ನನ್ನನ್ನು ಚುಚ್ಚುತ್ತಿದೆ. ವಯಸ್ಸಾದವರೊಬ್ಬರು ಬೆಲೆ ಕೇಳಿ, ಅಂಗೈಯಲ್ಲಿದ್ದ ಚಿಲ್ಲರೆಯನ್ನು ಎರಡು ಸಲ ಎಣಿಸಿ, ತೆಗೆದುಕೊಂಡಿದ್ದ ನಾಲ್ಕು ಜೋಳದ ರೊಟ್ಟಿಗಳಲ್ಲಿ ಎರಡನ್ನು ಮರಳಿ ಬುಟ್ಟಿಯಲ್ಲಿಟ್ಟರು. "ತಗೊಳ್ರಿ ಮುತ್ಯಾ, ರೊಕ್ಕ ನಾ ಕೊಡ್ತೀನಿ" ಎಂದೆ. ಐದಾರು ಜನ ಗಿರಾಕಿಗಳು ಒಮ್ಮೆಲೇ ಅವರತ್ತ ತಿರುಗಿದರು. "ನಾ ಏನ್ ಭಿಕ್ಷಾ ಬೇಡ್ಲಾಕ ಬಂದೀನೇನ್ರಿ?" ಎಂದವರೇ ಉಳಿದೆರಡನ್ನೂ ಅಲ್ಲೇ ಬಿಟ್ಟು ಹೊರಟುಹೋದರು.

ನನಗೆ ಹೆಚ್ಚು ನೋವಾದದ್ದು ಏಕೆಂದರೆ, ಕಳೆದ ತಿಂಗಳಷ್ಟೇ ನಾನು ಇದನ್ನು ಸರಿಯಾಗಿ ಮಾಡುವವರನ್ನು ಕಣ್ಣಾರೆ ಕಂಡು ಬಂದಿದ್ದೆ.

ಟರ್ಕಿಯ ಇಸ್ತಾಂಬುಲಿನಲ್ಲಿ ಮಗನ ಮನೆ ಇರುವುದು ಫಾತಿಹ್ ಭಾಗದ ಒಂದು ಇಳಿಜಾರು ಓಣಿಯಲ್ಲಿ. ಅವನು ಕೆಲಸಕ್ಕೆ ಹೋದ ಮೇಲೆ ನಾನು ದಿನವೂ ಬೀದಿ ಸುತ್ತುತ್ತಿದ್ದೆ. ಎಳ್ಳು ಮೆತ್ತಿದ ಬಳೆಯಾಕಾರದ ಸಿಮಿತ್ ಮಾರುವವರ ಗಾಡಿಗಳು, ಗಲಾಟಾ ಸೇತುವೆಯ ಕಟಾಂಜನಕ್ಕೆ ಒರಗಿ ಗಾಳ ಹಾಕಿ ನಿಂತವರ ಸಾಲು, ಬೆಕ್ಕುಗಳಿಗಾಗಿ ಬಾಗಿಲ ಬಳಿ ಇಟ್ಟ ನೀರಿನ ಬಟ್ಟಲುಗಳು, ಇವೆಲ್ಲ ಕೆಲವೇ ದಿನಗಳಲ್ಲಿ ರೂಢಿಯಾದವು. ರೊಟ್ಟಿಯ ಬಗ್ಗೆ ಅಲ್ಲಿಯವರಿಗಿರುವ ಭಕ್ತಿ ಮಾತ್ರ ಪ್ರತಿದಿನವೂ ಹೊಸದಾಗಿ ಕಾಣುತ್ತಿತ್ತು. ಒಣಗಿದ ರೊಟ್ಟಿಯನ್ನು ಕಸದೊಡನೆ ಬೆರೆಸದೆ, ಬೇರೆ ಚೀಲದಲ್ಲಿ ಕಟ್ಟಿ ಗೋಡೆಗೋ ಮರಕ್ಕೋ ತೂಗುಹಾಕುತ್ತಾರೆ. ಕೆಳಗೆ ಬಿದ್ದ ತುಂಡೊಂದನ್ನು ಶಾಲೆಯ ಹುಡುಗನೊಬ್ಬ ಎತ್ತಿ, ಮುತ್ತಿಟ್ಟು, ಹಣೆಗೊತ್ತಿಕೊಂಡು, ಯಾರೂ ತುಳಿಯದಂತೆ ಗೋಡೆಯ ಮೇಲಿಟ್ಟು ಹೋದದ್ದನ್ನು ನೋಡಿದಾಗ, ಅನ್ನ ತುಳಿದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದ ನನ್ನ ತಾಯಿ ನೆನಪಾದಳು.

ಒಂದು ರವಿವಾರ ಮಗನೊಡನೆ ಓಣಿಯ ಬೇಕರಿಗೆ ಹೋಗಿದ್ದೆ. ನಮ್ಮ ಮುಂದಿದ್ದವನು ಮೂರು ರೊಟ್ಟಿಗೆ ಹಣ ಕೊಟ್ಟು ಎರಡನ್ನಷ್ಟೇ ತೆಗೆದುಕೊಂಡು ಹೊರಟ. ಮರೆತನೆಂದು ತಿಳಿದು ನಾನು ಕರೆಯಹೋದೆ. ಮಗ ತೋಳು ಹಿಡಿದು ತಡೆದ. ಬೇಕರಿಯವನು ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದ. ಸ್ವಲ್ಪ ಹೊತ್ತಿಗೆ ಒಬ್ಬ ಮುದುಕಿ ಬಂದು, "ಅಸ್ಕಿದಾ ಎಕ್ಮೆಕ್ ವಾರ್ ಮಿ?" ಎಂದಳು. ತೂಗುಹಾಕಿದ ರೊಟ್ಟಿ ಇದೆಯೇ ಎಂದು ಅದರರ್ಥ. ಇಲ್ಲದವರಿಗೆಂದು ಯಾರೋ ಹಣ ಕೊಟ್ಟು ಬಿಟ್ಟುಹೋದ ರೊಟ್ಟಿಗೆ ಅಲ್ಲಿ ಹಾಗೆನ್ನುತ್ತಾರೆ. "ವಾರ್", ಇದೆ, ಎಂದ ಬೇಕರಿಯವನು ಒಂದು ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟು, ಒಂದು ಗೀಟನ್ನು ಹೆಬ್ಬೆರಳಿನಿಂದ ಒರೆಸಿದ. ಹಣ ಕೊಟ್ಟು ಒಯ್ಯುವವರಿಗೆ ಸುತ್ತಿಕೊಟ್ಟ ಕಾಗದವೇ ಅದು. ಕೊಟ್ಟವನು ಆಗಲೇ ತಿರುವು ದಾಟಿ ಹೋಗಿದ್ದ. ತನ್ನ ರೊಟ್ಟಿ ಯಾರಿಗೆ ಸೇರಿತೆಂಬುದು ಅವನಿಗೆ ಎಂದೂ ತಿಳಿಯುವುದಿಲ್ಲ.

ಆ ಮುದುಕಿಯ ಪ್ರಶ್ನೆಯನ್ನು ಈ ವಾರ ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೋ. "ನನಗೆ ಕೊಡಿ" ಎಂಬುದು ಅದರಲ್ಲಿಲ್ಲ, ತನ್ನ ಬಡತನದ ಸುದ್ದಿಯೂ ಇಲ್ಲ. ಜೋಳದ ಹಿಟ್ಟು ಇದೆಯೇ, ಶೇಂಗಾ ಹಿಂಡಿ ಇದೆಯೇ ಎಂದು ನಾವು ಅಂಗಡಿಯಲ್ಲಿ ಕೇಳುವಂಥದ್ದೇ ಮಾತು. ಹಸಿದವರಿಗೆ ರೊಟ್ಟಿ ಕೊಡುವ ಮೊದಲು ಆ ಊರು ಅವರಿಗೆ ತಲೆತಗ್ಗಿಸದೆ ಕೇಳಬಹುದಾದ ಒಂದು ವಾಕ್ಯವನ್ನು ಕೊಟ್ಟಿದೆ.

ನಮ್ಮೂರಿಗೆ ಇದು ತಿಳಿಯದ ಸಂಗತಿಯಲ್ಲ. ಅರಳಗುಂಡಿಗಿಯಿಂದ ಬಂದ ಶರಣಬಸವೇಶ್ವರರು ದಾಸೋಹ ನಡೆಸಿದ ಊರು ಇದು. ಪಂಕ್ತಿಯಲ್ಲಿ ಕುಳಿತವರನ್ನು ನೀನು ಯಾರು, ಏಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಉಳ್ಳವರು, ಇಲ್ಲದವರು ಒಟ್ಟಿಗೇ ಉಣ್ಣುತ್ತಾರೆ. ಬಾಲ್ಯದಿಂದ ಆ ಪಂಕ್ತಿಯಲ್ಲಿ ಉಂಡ ನಾನು, ನಾಲ್ಕು ಜನರೆದುರು ಜೇಬಿಗೆ ಕೈ ಹಾಕಿ ಒಬ್ಬ ಹಿರಿಯರನ್ನು ಆ ಪಂಕ್ತಿಯಿಂದ ಎಬ್ಬಿಸಿದಂತೆ ಮಾಡಿದೆ. ಅವರ ಸಿಟ್ಟು ನ್ಯಾಯವಾಗಿತ್ತು.

ನಿನ್ನೆ ರೊಟ್ಟಿ ಮಾಡುವ ಆ ತಾಯಿಗೆ ಇಸ್ತಾಂಬುಲಿನ ವಿಷಯ ಹೇಳಿ, ಹತ್ತು ರೊಟ್ಟಿಯ ಹಣವನ್ನು ಮುಂಗಡವಾಗಿ ಕೊಡಲು ಹೋದೆ. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಲೇ ಆಕೆ, "ಕೇಳ್ಲಾಕ ಬಾಯಿ ಬರಬೇಕಲ್ರಿ ಸರ್ರ" ಎಂದಳು. ಆಮೇಲೆ ತುಸು ಯೋಚಿಸಿ, ಹಣ ತೆಗೆದುಕೊಂಡು, ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಹತ್ತು ಗೀಟು ಹಾಕಿದಳು. ಮುತ್ಯಾ ಬುಧವಾರದಿಂದ ಆ ಕಡೆ ಬಂದಿಲ್ಲವಂತೆ.