ಅಂಡರ್‌ಟೇಕರ್ ಕಾರ್ಡು, ತೊಗರಿ ರೇಟು

ಹೋದ ವಾರ ಕಲಬುರಗಿಗೆ ಹೋಗಿದ್ದೆ. ಅಟ್ಟ ಖಾಲಿ ಮಾಡುವಾಗ ನನ್ನ ಹಳೇ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಕುಸ್ತಿಯ ಟ್ರಂಪ್ ಕಾರ್ಡುಗಳು, ಜೊತೆಗೆ ಶರಣಬಸವೇಶ್ವರ ಜಾತ್ರೆಯಲ್ಲಿ ಅಳ್ತಾ ಹಟ ಮಾಡಿ ಕೊಡಿಸಿಕೊಂಡಿದ್ದ ಆರೇಳು ಪೋಕೆಮಾನ್ ಕಾರ್ಡು. ಅಮ್ಮ ರದ್ದಿಗೆ ಹಾಕು ಅಂದಳು. ಅಕ್ಕನ ಮಗ ಮಾತ್ರ ಮೊಬೈಲ್ ಹಿಡ್ಕೊಂಡು ಓಡಿ ಬಂದ. "ಮಾಮಾ, ಈ ಚಾರಿಜಾರ್ಡ್ ಅನ್ನೋ ಪೋಕೆಮಾನ್ ಕಾರ್ಡಿಗೆ ಲಕ್ಷಗಟ್ಟಲೆ ರೇಟ್ ಅದ ನೋಡ್ರಿ!"

ಎರಡು ನಿಮಿಷ ನಾನೂ ನಂಬಿದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ನೋಡಿದರೆ ಅವನು ತೋರಿಸಿದ್ದು ಯಾರೋ ಕೇಳ್ತಿರುವ ರೇಟು. ಕೇಳೋಕೆ ಏನು, ಯಾರು ಎಷ್ಟು ಬೇಕಾದರೂ ಬರೆಯಬಹುದು. ಇಬೇ ಅನ್ನೋ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟ ಆಗಿರೋದನ್ನು ಮಾತ್ರ ತೋರಿಸು ಅಂತ ಒತ್ತಿದರೆ ಆಗ ಅಸಲಿ ರೇಟು ಕಾಣುತ್ತೆ. ಅದೂ ಅಲ್ಲದೆ ಭಾರೀ ಬೆಲೆ ಇರೋದು 1999ರ ಇಂಗ್ಲಿಷ್ ಮೊದಲ ಆವೃತ್ತಿಗೆ, ಚಿತ್ರದ ಎಡಗಡೆ ಕೆಳಗೆ ಸಣ್ಣ ಕಪ್ಪು ಮುದ್ರೆ ಇರುತ್ತೆ. ನನ್ನದರಲ್ಲಿ ಅದಿಲ್ಲ. ಹಿಂದೆ ಟಾರ್ಚ್ ಹಿಡಿದೆವು, ಬೆಳಕು ಆರಪಾರ ಬಂತು. ಅಸಲಿ ಕಾರ್ಡಿನ ನಡುವೆ ಕಪ್ಪು ಪದರ ಇರುತ್ತೆ, ಅಷ್ಟು ಬೆಳಕು ಬಿಡೋದಿಲ್ಲ. ಜಾತ್ರೆ ಮಾಲು, ಇನ್ನೇನು!

ಪಕ್ಕದಲ್ಲಿ ಕೂತಿದ್ದ ಕಾಕಾ ನಕ್ಕರು. ಅವರು ಪ್ರತಿ ವರ್ಷ ಎಪಿಎಂಸಿಗೆ ತೊಗರಿ ಒಯ್ಯೋರು. ಅಲ್ಲಿ ವ್ಯಾಪಾರಿ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡ್ತಾನೆ, ಒಂದು ಕಾಳು ಹಲ್ಲಿನಲ್ಲಿ ಕಡೀತಾನೆ, ಹಸಿ ಇದೆ ಅಂದ ಅಂದರೆ ರೇಟು ಇಳೀತು. "ಪೇಪರ್‌ನಾಗ ಬರೋದು ಪೇಪರ್ ರೇಟ್. ತೂಕ ಆಗಿ ಪಟ್ಟಿ ಕೈಗ ಬಂದಿದ್ದೇ ರೇಟ್" ಅಂದರು.

ಕಾರ್ಡಿಗೂ ಹಂಗೇ ಕಾಳು ಕಡಿಯೋರು ಇದ್ದಾರೆ. ಪಿಎಸ್‌ಎ ಅನ್ನೋ ಅಮೆರಿಕದ ಕಂಪನಿ ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವೆ ಸರಿಯಾಗಿ ಕೂತಿದೆಯಾ ಅಂತ ನೋಡಿ 1ರಿಂದ 10ರವರೆಗೆ ಅಂಕ ಕೊಡುತ್ತೆ. 2022ರಲ್ಲಿ ಮಿಕ್ಕಿ ಮ್ಯಾಂಟಲ್ ಅನ್ನೋ ಬೇಸ್‌ಬಾಲ್ ಆಟಗಾರನ 1952ರ ಟಾಪ್ಸ್ ಕಂಪನಿಯ ಕಾರ್ಡು 1 ಕೋಟಿ 26 ಲಕ್ಷ ಡಾಲರ್‌ಗೆ ಹೋಯಿತು. ಅದಕ್ಕೆ ಹೀಗೇ ಅಂಕ ಕೊಡೋ ಇನ್ನೊಂದು ಕಂಪನಿ 9.5 ಕೊಟ್ಟಿತ್ತು. ಅದೇ ಕಾರ್ಡು ಮೂಲೆ ಸವೆದಿದ್ದರೆ ಆ ದುಡ್ಡಿನ ಹತ್ತಿರಕ್ಕೂ ಬರೋದಿಲ್ಲ. ಮಕ್ಕಳ ಕೈಗೆ ಸಿಕ್ಕ ಕಾರ್ಡು ಸವೆಯದೇ ಉಳಿಯೋದು ಎಷ್ಟು, ಅಲ್ವಾ?

ನನ್ನ ಕುಸ್ತಿಪಟು ಅಂಡರ್‌ಟೇಕರ್‌ನ ಕಾರ್ಡಿಗೆ ಎರಡೂ ಅಂಚಲ್ಲಿ ರಬ್ಬರ್ ಬ್ಯಾಂಡ್ ಕೊರೆದ ಗುರುತು. ಯಾರೂ ಕದೀಬಾರದು ಅಂತ ಹಿಂದೆ ಬಾಲ್‌ಪೆನ್ನಲ್ಲಿ ಹೆಸರು, ಐದನೇ ಕ್ಲಾಸು ಅಂತ ಬರೆದು, ಸಾಲದ್ದಕ್ಕೆ ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಸಂಜೆ ಕರೆಂಟ್ ಹೋಯ್ತು. ಹುಡುಗ ಕಾರ್ಡು ಹಂಚಿದ. ಅವನ ಕೈಲಿ ದೈತ್ಯ ಕುಸ್ತಿಪಟು ಬಿಗ್ ಶೋ ಇದ್ದ, ತೂಕ ಕೇಳಿದ. ಹೆಚ್ಚು ತೂಕದವನದೇ ಗೆಲುವು, ನನ್ನ ಅಂಡರ್‌ಟೇಕರ್ ಹೋದ.