ಬೆರಳು ಮರೆಯದ ಗೇಮ್‌ಗಳು

ಭಾನುವಾರ, 9 ಫೆಬ್ರವರಿ 2025, ರಾತ್ರಿ

ಬಲಗೈ ತೋರುಬೆರಳು ಇನ್ನೂ ನೋಯುತ್ತಿದೆ. ಮೂರು ವಾರದಿಂದ ಸ್ವಲ್ಪ ಸ್ವಲ್ಪವಾಗಿ ಆಡುತ್ತಿದ್ದ ‘ಶ್ಯಾಡೋ ಆಫ್ ದ ಕೊಲೋಸಸ್’ ಅನ್ನುವ ವಿಡಿಯೋ ಗೇಮ್ ಇವತ್ತು ಮಧ್ಯಾಹ್ನ ಮುಗಿಯಿತು. ಹಳೆಯ ಪ್ಲೇಸ್ಟೇಷನ್ 2ರಲ್ಲೇ ಆಡಿದೆ. ನನಗೆ ಇದು ಮೂರನೇ ಸಲ.

2005ರ ಗೇಮ್ ಇದು. ಇರುವುದು 16 ದೈತ್ಯರು, ಅಷ್ಟೇ. ದಾರಿಯಲ್ಲಿ ಚಿಲ್ಲರೆ ಶತ್ರುಗಳಿಲ್ಲ, ಊರಿಲ್ಲ, ಸಂತೆ ಇಲ್ಲ. ಕುದುರೆ ಏರಿ ಖಾಲಿ ಬಯಲಲ್ಲಿ ಹೋಗಬೇಕು. ಬಿಸಿಲಿಗೆ ಕತ್ತಿ ಎತ್ತಿ ಹಿಡಿದರೆ ಬೆಳಕಿನ ಗೆರೆಗಳು ಒಂದು ಕಡೆ ಸೇರಿ ದೈತ್ಯ ಇರುವ ದಿಕ್ಕು ತೋರಿಸುತ್ತವೆ. ಹುಡುಕಿಕೊಂಡು ಹೋಗಿ ಅದರ ಮೈ ಮೇಲೆ ಹತ್ತಬೇಕು. ಹತ್ತುವುದು ಅಂದರೆ ಕಂಟ್ರೋಲರ್ ಮೇಲೆ ಬಲ ತೋರುಬೆರಳಿಗೆ ಸಿಗುವ ಆರ್1 ಬಟನ್ ಒತ್ತಿ ಹಿಡಿದುಕೊಂಡೇ ಇರುವುದು. ಬಿಟ್ಟರೆ ಕೆಳಗೆ ಬಿದ್ದಂತೆ. ದೈತ್ಯ ಮೈ ಕೊಡವುತ್ತದೆ, ನಾವು ಆಡಿಸುವ ಹುಡುಗ ಕೂದಲು ಹಿಡಿದು ಬಟ್ಟೆಯ ಹಾಗೆ ಗಾಳಿಯಲ್ಲಿ ಹಾರಾಡುತ್ತಾನೆ, ಮೂಲೆಯಲ್ಲಿ ಅವನ ಹಿಡಿತ ತೋರಿಸುವ ಸಣ್ಣ ವೃತ್ತ ಕರಗುತ್ತಾ ಬರುತ್ತದೆ. ಬಟನ್ನನ್ನು ಮೆಲ್ಲಗೆ ಒತ್ತಿ ಹಿಡಿದರೂ ಸಾಕು, ಗೇಮ್‌ಗೆ ಎಲ್ಲಾ ಒಂದೇ. ಇದು ಚೆನ್ನಾಗಿ ಗೊತ್ತಿದ್ದೂ ಪ್ರತಿ ಸಲ ಉಗುರು ಬೆಳ್ಳಗಾಗುವಷ್ಟು ಒತ್ತುತ್ತೇನೆ. ಅವನ ಜೀವ ನನ್ನ ಬೆರಳಲ್ಲಿದೆ ಅಂತಲೇ ಅನಿಸುತ್ತದೆ.

ಕೊನೆ ಗೊತ್ತಾಗಬಾರದು ಅನ್ನುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. 16 ದೈತ್ಯರೂ ಸತ್ತ ಮೇಲೆ ದೇವಾಲಯದೊಳಗೆ ದೊಡ್ಡ ಸುಳಿಗಾಳಿ ಎದ್ದು ಆ ಹುಡುಗನನ್ನು ಹಿಂದಕ್ಕೆ ಎಳೆಯತೊಡಗುತ್ತದೆ. ಬೇರೆ ಗೇಮ್ ಆಗಿದ್ದರೆ ಇದನ್ನು ಸುಮ್ನೆ ಕೂತು ನೋಡುವ ದೃಶ್ಯ ಮಾಡಿಬಿಡುತ್ತಿದ್ದರು. ಇಲ್ಲಿ ಹಾಗಲ್ಲ, ಕಂಟ್ರೋಲ್ ನಿಮ್ಮ ಕೈಯಲ್ಲೇ ಇರುತ್ತದೆ. ಮುಂದೆ ಓಡಬಹುದು, ಮೆಟ್ಟಿಲು ಹಿಡಿದುಕೊಳ್ಳಬಹುದು, ಇಷ್ಟು ದಿನ ದೈತ್ಯರ ಕೂದಲು ಹಿಡಿದ ಅದೇ ಬಟನ್‌ನಿಂದ. ಎಷ್ಟು ಹೊತ್ತು ಹಿಡಿದರೂ ಉಳಿಯುವುದಿಲ್ಲ. ಮೂರನೇ ಸಲ ಆಡುತ್ತಿದ್ದೇನೆ, ಉಳಿಯುವುದಿಲ್ಲ ಅಂತ ಗೊತ್ತು. ಆದರೂ ಇವತ್ತು ಹಿಡಿತ ಪೂರ್ತಿ ಕರಗುವ ತನಕ ಬಿಡಲಿಲ್ಲ. ಬೆರಳು ನೋಯುತ್ತಿರುವುದು ಅದಕ್ಕೇ.

ಇದನ್ನು ಮಾಡಿದ ಫುಮಿತೊ ಉಯೆದಾ ಅವರು ನಿರ್ದೇಶಿಸಿದ ಮೊದಲ ಗೇಮ್ 2001ರ ‘ಇಕೋ’. ಅಲ್ಲೂ ಇದೇ ಆರ್1. ಆ ಗೇಮ್‌ನಲ್ಲಿ ಅದನ್ನು ಒತ್ತಿದರೆ ಹುಡುಗ ಯೋರ್ಡಾ ಅನ್ನುವ ಹುಡುಗಿಯ ಕೈ ಹಿಡಿಯುತ್ತಾನೆ. ಬಿಟ್ಟರೆ ಕೈ ಬಿಟ್ಟಂತೆ, ಅವಳು ಹಿಂದೆ ಉಳಿಯುತ್ತಾಳೆ, ನೆರಳುಗಳು ಬಂದು ಎತ್ತಿಕೊಂಡು ಹೋಗುತ್ತವೆ. ಒಂದೇ ಬೆರಳು, ಒಂದೇ ಬಟನ್. ಒಂದರಲ್ಲಿ ಕಾಪಾಡಲು ಹಿಡಿಯುವುದು, ಇನ್ನೊಂದರಲ್ಲಿ ಕೊಲ್ಲಲು ಹಿಡಿಯುವುದು.

ಸಂಜೆಯಿಂದ ಇದೇ ತಲೆಯಲ್ಲಿ ಓಡುತ್ತಿದೆ. ಗೇಮ್‌ಗಳ ಬಗ್ಗೆ ಮಾತು ಬಂದಾಗಲೆಲ್ಲಾ ಗ್ರಾಫಿಕ್ಸ್, ಕಥೆ, ಎಷ್ಟು ಗಂಟೆ ಆಡಬಹುದು, ಇವೇ ಬರುತ್ತವೆ. ನನ್ನ ಕೈಗೆ ಅದು ಏನು ಮಾಡಿಸಿತು ಅನ್ನುವುದು ಬರುವುದೇ ಇಲ್ಲ. ನನಗಂತೂ ಗೇಮ್ ನೆನಪಲ್ಲಿ ಉಳಿಯುವುದು ಅದರಿಂದಲೇ. ಕಪಾಟಿನಲ್ಲಿರುವ ಒಂದಷ್ಟನ್ನು ಹಾಗೇ ಅಳೆದು ನೋಡೋಣ ಅನಿಸಿತು.

‘ಗಾಡ್ ಆಫ್ ವಾರ್’ 2018. ಅಪ್ಪ ಮಗನ ಕಥೆ ಚೆನ್ನಾಗಿದೆ. ಮೊದಲಿಂದ ಕೊನೆವರೆಗೂ ಕ್ಯಾಮೆರಾ ಎಲ್ಲೂ ಕಟ್ ಆಗುವುದಿಲ್ಲ, ಅದೂ ಸಾಧನೆಯೇ. ಆದರೆ ನನಗೆ ಆ ಗೇಮ್ ಅಂದರೆ ಕೊಡಲಿ. ಎಸೆದು, ತ್ರಿಕೋನದ ಬಟನ್ ಒತ್ತಿದರೆ ಕೊಡಲಿ ಗಾಳಿ ಸೀಳಿಕೊಂಡು ವಾಪಸ್ ಬಂದು ಠಪ್ ಅಂತ ನಾಯಕ ಕ್ರೇಟೋಸ್‌ನ ಅಂಗೈಗೆ ಕೂರುತ್ತದೆ. ಅದೇ ಗಳಿಗೆಗೆ ಕಂಟ್ರೋಲರ್ ನನ್ನ ಅಂಗೈಯಲ್ಲಿ ಅದುರುತ್ತದೆ. ದೂರಕ್ಕೆ ಎಸೆದರೆ ಬರಲು ಜಾಸ್ತಿ ಹೊತ್ತು ಹಿಡಿಯುತ್ತದೆ, ಅದನ್ನೂ ನೋಡಿಕೊಂಡಿದ್ದಾರೆ. ಯಾರೂ ಇಲ್ಲದ ಕಡೆ ನಿಂತು ಬರೀ ಮರಕ್ಕೆ ಎಸೆದು ಕರೆಸಿಕೊಂಡಿದ್ದೇನೆ, ಎಷ್ಟೋ ಸಲ. ಆದರೆ 2022ರಲ್ಲಿ ಬಂದ ಅದರ ಮುಂದಿನ ಭಾಗ ‘ರ್‍ಯಾಗ್ನರೋಕ್’ನಲ್ಲಿ ಒಂದು ಒಗಟಿನ ಮುಂದೆ ನಿಂತು ಹತ್ತು ಸೆಕೆಂಡ್ ಯೋಚಿಸಲೂ ಬಿಡುವುದಿಲ್ಲ. ಗೇಮ್ ಒಳಗೆ ಜೊತೆಗೆ ಬರುವವರು ಉತ್ತರ ಹೇಳಿಯೇಬಿಡುತ್ತಾರೆ. ನನಗೆ ನಿಜಕ್ಕೂ ಬೇಜಾರಾಯಿತು. ಉತ್ತರ ಅವರೇ ಹೇಳುವುದಾದರೆ ಒಗಟು ಇಟ್ಟಿದ್ದಾದರೂ ಯಾಕೆ?

‘ಬ್ಲಡ್‌ಬೋರ್ನ್’ 2015. ಹಿದೆತಾಕಾ ಮಿಯಾಜಾಕಿ ಅವರ ಗೇಮ್‌ಗಳಲ್ಲಿ ನನಗೆ ಇದೇ ಮೇಲು. ಹಿಂದಿನ ‘ಡಾರ್ಕ್ ಸೋಲ್ಸ್’ ಗುರಾಣಿ ಹಿಡಿದು ಕಾಯುವುದನ್ನು ಕಲಿಸಿತ್ತು. ಇದು ಅದನ್ನು ಒಂದೇ ನಿಯಮದಿಂದ ಬಿಡಿಸಿಬಿಟ್ಟಿತು. ಪೆಟ್ಟು ಬಿದ್ದಾಗ ಕಳೆದ ಆಯಸ್ಸು ಕೂಡಲೇ ಹೋಗುವುದಿಲ್ಲ, ಆಯಸ್ಸು ತೋರಿಸುವ ಪಟ್ಟಿಯಲ್ಲಿ ಸ್ವಲ್ಪ ಹೊತ್ತು ಬೇರೆ ಬಣ್ಣದಲ್ಲಿ ನಿಂತಿರುತ್ತದೆ. ಅಷ್ಟರೊಳಗೆ ತಿರುಗಿ ಹೊಡೆದರೆ ಅದು ನಿಮಗೇ ವಾಪಸ್. ಪೆಟ್ಟು ತಿಂದವನಿಗೆ ಹಿಂದೆ ಸರಿಯಬೇಕು ಅನಿಸುತ್ತದೆ, ಅಲ್ವಾ? ಇಲ್ಲಿ ಮುಂದೆ ನುಗ್ಗಿದವನಿಗೇ ಉಳಿವು. ಫಾದರ್ ಗ್ಯಾಸ್ಕೋಯ್ನ್ ಅನ್ನುವ ಬಾಸ್, ಅಂದರೆ ದೊಡ್ಡ ಶತ್ರುವಿನ ಜೊತೆ ಒಂದು ಸ್ಮಶಾನದಲ್ಲಿ ಎರಡು ಸಂಜೆ ಪೂರ್ತಿ ಸತ್ತು ಸತ್ತು, ಕೊನೆಗೆ ಒಂದು ಸಲ ಕೈ ತಾನಾಗಿಯೇ ಮುಂದೆ ನುಗ್ಗಿತು. ಗೆದ್ದೆ. ಆ ಮೇಲೆ ಉಳಿದ ಗೇಮ್ ಪೂರ್ತಿ ಬೇರೆಯಾಗಿ ಕಂಡಿತು.

‘ಡಾರ್ಕ್ ಸೋಲ್ಸ್’ ಬಗ್ಗೆ ಒಂದೇ ಮಾತು. ಚರ್ಚಿನಿಂದ ಲಿಫ್ಟ್‌ನಲ್ಲಿ ಕೆಳಗಿಳಿದು, ಹೊರಗೆ ಬಂದು ನೋಡಿದರೆ ಗಂಟೆಗಟ್ಟಲೆ ಹಿಂದೆ ಬಿಟ್ಟುಬಂದ ತಂಗುದಾಣ ಫೈರ್‌ಲಿಂಕ್‌ನ ಬೆಂಕಿ ಕಣ್ಣೆದುರೇ ಇದೆ. ಅಂಥ ಸಮಾಧಾನ ಬೇರೆ ಯಾವ ಗೇಮ್‌ನಲ್ಲೂ ಸಿಕ್ಕಿಲ್ಲ. ‘ಎಲ್ಡನ್ ರಿಂಗ್’ ದೊಡ್ಡದು, ಮೊದಲ ಅರ್ಧ ಅದ್ಭುತ. ಆಮೇಲೆ ಒಂದೇ ಥರದ ಗುಹೆ, ಮೊದಲೇ ಕೊಂದ ಬಾಸ್ ಇನ್ನೊಂದು ಕಡೆ ಮತ್ತೆ. ಅದು ಅರ್ಧದಷ್ಟೇ ಇದ್ದಿದ್ದರೆ ನನಗೆ ಜಾಸ್ತಿ ಇಷ್ಟವಾಗುತ್ತಿತ್ತು.

ಕಷ್ಟದ ಗೇಮ್ ಅಂದ ಕೂಡಲೇ ಸುಲಭದ ಮೋಡ್ ಇರಬೇಕಾ ಬೇಡವಾ ಅನ್ನುವ ಜಗಳ ಶುರುವಾಗುತ್ತದೆ. ಇರಲಿ ಅನ್ನುವವನು ನಾನು. 2018ರ ‘ಸೆಲೆಸ್ಟ್’ ನೋಡಿ. ಬೆಟ್ಟ ಹತ್ತುವ ಹುಡುಗಿ, ಒಂದೊಂದು ಸ್ಕ್ರೀನ್ ಒಂದೊಂದು ಗಂಡಾಂತರ. ನೂರಾರು ಸಲ ಸಾಯುತ್ತೀರಿ. ಆದರೆ ಸೆಟ್ಟಿಂಗ್ಸ್‌ನಲ್ಲಿ ಅಸಿಸ್ಟ್ ಮೋಡ್ ಇದೆ. ಬೇಕಿದ್ದರೆ ಗೇಮ್‌ನ ವೇಗ ಅರ್ಧಕ್ಕೆ ಇಳಿಸಬಹುದು, ಸಾವೇ ಇಲ್ಲದ ಹಾಗೂ ಮಾಡಿಕೊಳ್ಳಬಹುದು. ನಾನು ಅದನ್ನು ಮುಟ್ಟದೆ ಮುಗಿಸಿದೆ. ಇನ್ನೊಬ್ಬರು ಹಾಕಿಕೊಂಡು ಮುಗಿಸಿದರೆ ನನ್ನ ಗೆಲುವಿನಲ್ಲಿ ಏನೂ ಕಡಿಮೆಯಾಗುವುದಿಲ್ಲ. ಅದರಲ್ಲಿ ನನಗೆ ತುಂಬ ಇಷ್ಟವಾದ ವಿಷಯ ಇನ್ನೊಂದಿದೆ, ಅದು ಕಣ್ಣಿಗೆ ಕಾಣುವುದೇ ಇಲ್ಲ. ಕಟ್ಟೆಯ ಅಂಚು ದಾಟಿ ಕಾಲು ಗಾಳಿಯಲ್ಲಿದ್ದರೂ ರೆಪ್ಪೆ ಮಿಟುಕಿಸುವಷ್ಟು ಹೊತ್ತು ಜಂಪ್ ಬಟನ್ ಕೆಲಸ ಮಾಡುತ್ತದೆ. ಲೆಕ್ಕದ ಪ್ರಕಾರ ನೀವು ತಡ ಮಾಡಿದ್ದೀರಿ, ಆದರೆ ನಿಮ್ಮ ಬೆರಳಿನ ಉದ್ದೇಶ ಗೇಮ್‌ಗೆ ಅರ್ಥವಾಗಿದೆ. ಕಷ್ಟ ಕೊಡುವ ಗೇಮ್‌ಗೆ ಇಷ್ಟು ಕರುಣೆ ಇದ್ದರೆ ನೂರಾರು ಸಲ ಸಾಯಲು ನಾನು ತಯಾರು.

‘ಬ್ರೆತ್ ಆಫ್ ದ ವೈಲ್ಡ್’ 2017ರ ಮಾರ್ಚ್‌ನಲ್ಲಿ ನಿಂಟೆಂಡೋದ ಸ್ವಿಚ್ ಕನ್ಸೋಲ್ ಜೊತೆಗೇ ಬಂತು. ಆಯುಧ ಮುರಿದುಹೋಗುತ್ತದೆ ಅನ್ನುವ ದೂರು ಎಲ್ಲರದ್ದೂ. ನನಗೆ ಆ ದೂರಿಲ್ಲ. ಮುರಿಯದಿದ್ದರೆ ಒಂದೇ ಒಳ್ಳೆಯ ಕತ್ತಿ ಹಿಡಿದು ಕೊನೆವರೆಗೂ ಹೋಗುತ್ತಿದ್ದೆವು. ಇನ್ನೇನು ಮುರಿಯುತ್ತದೆ ಅನ್ನುವ ಕತ್ತಿಯನ್ನು ಶತ್ರುವಿನ ಮುಖಕ್ಕೆ ಎಸೆದರೆ ಎರಡು ಪಟ್ಟು ಪೆಟ್ಟು ಬೀಳುತ್ತದೆ, ಗೊತ್ತಾ? ಇನ್ನು ಗುಡುಗು. ಒಂದು ಸಲ ಗುಡ್ಡದ ಮೇಲೆ ನಿಂತಿದ್ದೆ, ಕೆಳಗೆ ಶತ್ರುಗಳ ಬಿಡಾರ, ಬೆನ್ನಿಗೆ ಕಟ್ಟಿದ್ದ ಕಬ್ಬಿಣದ ಕತ್ತಿಯಿಂದ ಚಿಟಚಿಟ ಅಂತ ಕಿಡಿ ಹಾರತೊಡಗಿತು. ಸಿಡಿಲು ಲೋಹಕ್ಕೆ ಬಡಿಯುತ್ತದೆ ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಕತ್ತಿ ಕೈಗೆ ತೆಗೆದುಕೊಂಡು ಬಿಡಾರದ ನಡುವಿಗೆ ಎಸೆದೆ. ಒಂದು ಎರಡು ಮೂರು ಎಣಿಸುವಷ್ಟರಲ್ಲಿ ಸಿಡಿಲು ಅಲ್ಲೇ ಬಿತ್ತು. ಹೀಗೆ ಮಾಡು ಅಂತ ಗೇಮ್ ಎಲ್ಲೂ ಹೇಳಿರಲಿಲ್ಲ. ಎದ್ದು ನಿಂತು ಕೂಗಿದ್ದೆ ಆವತ್ತು.

ನನಗೆ ಸಿಟ್ಟು ಬರಿಸುವುದು ಅದರ ಮಳೆ. ಬಂಡೆ ಮುಕ್ಕಾಲು ಹತ್ತಿರುತ್ತೇನೆ, ಮಳೆ ಶುರುವಾಗುತ್ತದೆ, ಕಾಲು ಜಾರಿ ಜಾರಿ ಅಲ್ಲೇ. ಮಾಡಲು ಏನೂ ಇರುವುದಿಲ್ಲ, ಕಂಟ್ರೋಲರ್ ಕೆಳಗಿಟ್ಟು ಕಾಯಬೇಕು. ಕೈಗೆ ಕೆಲಸ ಕೊಡದೆ ನಿಲ್ಲಿಸುವುದು ನನಗಾಗದು. ಇದರ ಮುಂದಿನ ಭಾಗ, 2023ರ ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ನಲ್ಲಿ ಹಲಗೆ, ಚಕ್ರ, ಫ್ಯಾನ್ ಅಂಟಿಸಿ ಬೇಕಾದ ಗಾಡಿ ಕಟ್ಟಬಹುದು. ಬುದ್ಧಿವಂತಿಕೆಗೆ ಕೈ ಮುಗಿಯುತ್ತೇನೆ. ಆದರೆ ಪ್ರೀತಿ ಮೊದಲನೆಯದರ ಮೇಲೇ, ಏಕೆಂದರೆ ಅಲ್ಲಿ ನಡೆದೆ. ಇದರಲ್ಲಿ ಬಹುಪಾಲು ಹಾರಿದೆ.

‘ರೆಡ್ ಡೆಡ್ ರಿಡೆಂಪ್ಷನ್ 2’ ನಿಧಾನ ಅನ್ನುತ್ತಾರೆ. ಹೌದು, ನಿಧಾನವೇ. ಒಂದೊಂದು ಡ್ರಾಯರ್ ನಾಯಕ ಆರ್ಥರ್ ಕೈ ಹಾಕಿ ಎಳೆಯುವುದನ್ನು ಕಾಯಬೇಕು. ನನಗೆ ಅದು ಇಷ್ಟ, ಅವನ ದೇಹದ ತೂಕ ಕೈಗೆ ತಿಳಿಯುತ್ತದೆ. ತಕರಾರು ಇರುವುದು ಮಿಷನ್‌ಗಳ ಮೇಲೆ. ಅಷ್ಟು ದೊಡ್ಡ ಬಯಲು ಕೊಟ್ಟು, ಹೇಳಿದ ದಾರಿಯಿಂದ ನಾಲ್ಕು ಹೆಜ್ಜೆ ಆಚೆ ಹೋದರೆ ಮಿಷನ್ ಫೇಲ್.

ಈಗ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’. ಇದರ ಬಗ್ಗೆ ಐದು ವರ್ಷದಿಂದ ನನ್ನ ಮನಸ್ಸು ಒಂದು ಕಡೆ ನಿಂತಿಲ್ಲ. ಕೈಗೆ ಮಾಡಿದ ಗೇಮ್ ಅದು, ಅದರಲ್ಲಿ ಎರಡು ಮಾತಿಲ್ಲ. ಹುಲ್ಲಲ್ಲಿ ಮಲಗಿ ತೆವಳುವಾಗ ಉಸಿರು ಬಿಗಿಹಿಡಿಯುತ್ತೇನೆ. ಆದರೆ ನಡುವೆ ಒಂದು ದೃಶ್ಯ ಬರುತ್ತದೆ. ಎದುರಿಗಿರುವವಳು ಸೋತು ಕೂತಿದ್ದಾಳೆ. ತೆರೆಯ ಮೇಲೆ ಚೌಕದ ಬಟನ್ ಗುರುತು. ಒತ್ತು ಅಂತ. ಒತ್ತಿದರೆ ಏನಾಗುತ್ತದೆ ಅಂತ ಗೊತ್ತು. ನಾನು ತುಂಬ ಹೊತ್ತು ಒತ್ತಲಿಲ್ಲ. ಬೇರೆ ದಾರಿ ಇರಲಿಲ್ಲ, ಒತ್ತಿದೆ. ನೋಡು, ನೀನು ಎಂಥ ಕೆಲಸ ಮಾಡಿದೆ ಅಂತ ಗೇಮ್ ನನ್ನನ್ನೇ ಕೇಳಿದ ಹಾಗಿತ್ತು. ನಾನು ಮಾಡಲಿಲ್ಲ, ನೀವು ಮಾಡಿಸಿದಿರಿ ಅಂತ ಆವತ್ತೂ ಅನಿಸಿತು, ಇವತ್ತೂ ಹಾಗೇ ಅನಿಸುತ್ತದೆ.

ಹಾಗಾದರೆ ಶ್ಯಾಡೋದಲ್ಲೂ ದೈತ್ಯರನ್ನು ಕೊಲ್ಲದೆ ದಾರಿಯಿಲ್ಲವಲ್ಲ ಅಂತ ಯಾರಾದರೂ ಕೇಳಬಹುದು. ಇದನ್ನೇ ಇವತ್ತು ಕುದುರೆ ಓಡಿಸುತ್ತಾ ಯೋಚಿಸುತ್ತಿದ್ದೆ. ಅದರ 13ನೇ ದೈತ್ಯ ಮರಳುಗಾಡಿನ ಮೇಲೆ ಹಾವಿನ ಹಾಗೆ ಹಾರುತ್ತದೆ. ಅದು ನಿಮ್ಮ ಮೇಲೆ ಬೀಳುವುದೇ ಇಲ್ಲ. ಒಂದು ಸಲವೂ ಹೊಡೆಯುವುದಿಲ್ಲ. ಸುಮ್ನೆ ಹಾರಿಕೊಂಡಿರುತ್ತದೆ. ನಾನೇ ಬಾಣ ಬಿಟ್ಟು, ಕೆಳಗಿಳಿಸಿ, ಓಡುವ ಕುದುರೆಯಿಂದ ಅದರ ರೆಕ್ಕೆಗೆ ಹಾರಿ, ಚುಚ್ಚಿದೆ. ಮತ್ತೆ ಆ ಹೊತ್ತಿಗೆ ನನಗೆ ಖುಷಿಯಾಗಿತ್ತು! ರೆಕ್ಕೆ ಹಿಡಿದು ಆಕಾಶದಲ್ಲಿ ಹೋಗುವಾಗ ಮೈ ಜುಮ್ಮೆಂದಿತ್ತು. ಅದು ಸತ್ತು ಬೀಳುವಾಗ ಸಂಗೀತ ಮೆಲ್ಲಗಾಯಿತು, ಅಷ್ಟೇ. ಯಾರೂ ಬೈಯಲಿಲ್ಲ. ಹಿಡಿದ ಬೆರಳು ನನ್ನದು, ಖುಷಿಪಟ್ಟಿದ್ದೂ ನಾನೇ, ಹಾಗಾಗಿ ತಪ್ಪು ನನ್ನದೇ ಅಂತ ಒಪ್ಪಿಕೊಳ್ಳಲು ಗಳಿಗೆಯೂ ಬೇಕಾಗಲಿಲ್ಲ. ಪಾರ್ಟ್ 2ರಲ್ಲಿ ಖುಷಿ ಕೊಡದೆ ಬರೀ ತಪ್ಪು ಹೊರಿಸಿದರು. ನನ್ನ ತಕರಾರು ಇಷ್ಟೇ.

2018ರಲ್ಲಿ ಶ್ಯಾಡೋವನ್ನು ಪ್ಲೇಸ್ಟೇಷನ್ 4ಕ್ಕೆ ಹೊಸದಾಗಿ ಮಾಡಿದ್ದಾರೆ. ಹುಲ್ಲು, ನೀರು, ದೈತ್ಯರ ಕೂದಲು ಎಲ್ಲಾ ಕಣ್ಣು ತುಂಬುವಷ್ಟು ಚೆಂದ. ಆದರೂ ನನಗೆ ಹಳೆಯದರ ಮಸುಕು ಬೆಳಕೇ ಬೇಕು. ಬಯಲು ಅಲ್ಲಿ ಜಾಸ್ತಿ ಖಾಲಿಯಾಗಿ ಕಾಣುತ್ತದೆ.

‘ಆಸ್ಟ್ರೋ ಬಾಟ್’ ಇನ್ನೂ ಅರ್ಧ ಆಗಿದೆ. ಮರಳಿನ ಮೇಲೆ ಓಡಿದರೆ ಒಂಥರ, ಗಾಜಿನ ಮೇಲೆ ಓಡಿದರೆ ಇನ್ನೊಂಥರ, ಕಂಟ್ರೋಲರ್ ಅಂಗೈಗೆ ಹೇಳುತ್ತದೆ. ಮುಗಿಸಿ ಬರೆಯುತ್ತೇನೆ.

ಸಂಜೆ ಅಕ್ಕ ಬಂದಿದ್ದಳು. ಜೀವಮಾನದಲ್ಲಿ ಕಂಟ್ರೋಲರ್ ಮುಟ್ಟಿದವಳಲ್ಲ. “ಅದೇನು ಅಷ್ಟು ಹೊತ್ತು ಆಡ್ತೀಯೋ, ನನಗೂ ಒಂದು ಕೊಡು ನೋಡೋಣ” ಅಂದಳು. 2012ರ ‘ಜರ್ನಿ’ ಹಾಕಿಕೊಟ್ಟೆ. ಎರಡು ಗಂಟೆಯಲ್ಲಿ ಮುಗಿಯುತ್ತದೆ, ಮಾತಿಲ್ಲ, ಬಟನ್ ಎರಡೇ. ಒಂದು ಹಾರಲು, ಇನ್ನೊಂದು ಕೂಗಲು.

ಮೊದಲ ಹತ್ತು ನಿಮಿಷ ಅವಳಿಗೆ ಎರಡು ಸ್ಟಿಕ್ ಒಟ್ಟಿಗೆ ಬರಲೇ ಇಲ್ಲ. ಎಡಗೈಯಿಂದ ನಡೆಸಿದರೆ ಬಲಗೈ ಮರೆತುಹೋಗುತ್ತದೆ, ಕ್ಯಾಮೆರಾ ಆಕಾಶ ನೋಡುತ್ತಾ ನಿಲ್ಲುತ್ತದೆ. ತಿರುಗಬೇಕಾದಾಗ ಇಡೀ ಮೈ ಪಕ್ಕಕ್ಕೆ ವಾಲಿಸುತ್ತಾಳೆ. ಹೇಳಿಕೊಡಲು ಬಾಯಿ ತೆರೆದವನು ತಡೆದುಕೊಂಡೆ. ಒಗಟಿನ ಉತ್ತರ ಮೊದಲೇ ಹೇಳುವವರ ಮೇಲೆ ಈಗತಾನೇ ರೇಗಿಕೊಂಡವನು ನಾನು. ಸ್ವಲ್ಪ ಹೊತ್ತಿಗೆ ಅವಳು ಮರಳ ದಿಬ್ಬದ ಮೇಲೆ ಜಾರತೊಡಗಿದಳು, ಮಾತು ನಿಂತಿತು, ಭುಜ ಸಡಿಲವಾಯಿತು.

ಎರಡನೇ ಬಯಲಲ್ಲಿ ದೂರದಲ್ಲಿ ಅವಳಂಥದ್ದೇ ಕೆಂಪು ಅಂಗಿಯ ಇನ್ನೊಬ್ಬರು ಕಂಡರು. “ಇದು ಕಂಪ್ಯೂಟರಾ?” ಅಂದಳು. ಅಲ್ಲ ಅಕ್ಕ, ಎಲ್ಲೋ ಕೂತು ಆಡುತ್ತಿರುವ ಮನುಷ್ಯರೇ ಅಂದೆ. ಹೆಸರು ಕಾಣುವುದಿಲ್ಲ, ಮಾತಾಡಲು ಆಗುವುದಿಲ್ಲ, ಬಟನ್ ಒತ್ತಿದರೆ ಒಂದು ಸ್ವರ ಹೊರಡುತ್ತದೆ, ಅಷ್ಟೇ. ಅವಳು ಒಂದು ಸಲ ಒತ್ತಿದಳು. ಅವರೂ ಒಂದು ಸಲ. ಇವಳು ಎರಡು ಸಲ. ಅವರೂ ಎರಡು. ಹೀಗೇ ಐದರ ತನಕ ಹೋದರು. ಕೊನೆಯಲ್ಲಿ ಹಿಮದ ಬೆಟ್ಟ ಬರುತ್ತದೆ, ಚಳಿಗೆ ಕತ್ತಿನ ಶಾಲು ಗಿಡ್ಡವಾಗುತ್ತಾ ಹೋಗುತ್ತದೆ, ಇಬ್ಬರೂ ಒತ್ತಿಕೊಂಡು ನಡೆದರೆ ಅದಕ್ಕೆ ಮತ್ತೆ ಬೆಳಕು ಬರುತ್ತದೆ. ಇದನ್ನೂ ನಾನು ಹೇಳಲಿಲ್ಲ. ಗಾಳಿ ಜೋರಾದಾಗ ಅವಳಾಗಿಯೇ ಹಿಂದೆ ತಿರುಗಿ ಆ ಇನ್ನೊಬ್ಬರು ಬರುವ ತನಕ ನಿಂತಳು. ಕಂಟ್ರೋಲರ್ ಹಿಡಿದು ಇನ್ನೂ ಒಂದೂವರೆ ಗಂಟೆ ಆಗಿತ್ತು ಅಷ್ಟೇ.

ಮುಗಿದ ಮೇಲೆ ಜೊತೆಗೆ ನಡೆದವರ ಹೆಸರು ತೆರೆಯ ಮೇಲೆ ಬರುತ್ತದೆ. ಅದನ್ನು ಓದಿಕೊಂಡು, ಕಂಟ್ರೋಲರ್ ನನ್ನ ಕೈಗಿಟ್ಟು, “ಮುಂದಿನ ಭಾನುವಾರ ಬರ್ತೀನಿ, ಇಂಥದ್ದೇ ಇನ್ನೊಂದು ತೆಗೆದಿಡು” ಅಂದು ಹೋದಳು.

‘ಇಕೋ’ ಡಿಸ್ಕ್ ಒರೆಸಿ ಇಟ್ಟಿದ್ದೇನೆ. ಆರ್1 ಎಲ್ಲಿದೆ ಅಂತ ಮಾತ್ರ ಹೇಳಿಕೊಡುತ್ತೇನೆ.